ದಪ್ಪ ಗಾಜಿನ ಮೇಲೆ ಹೊರಿಸಿದ ತಪ್ಪು

ನಂಬರು ಜಾಸ್ತಿ ಇದ್ದರೆ ತೆಳು ಗಾಜು ಹಾಕಿಸಬೇಕು. ಆಡಲು ಹೋಗುವಾಗ ಕನ್ನಡಕ ತೆಗೆದಿಡಬೇಕು. ಕನ್ನಡಕದ ವಿಚಾರದಲ್ಲಿ ನಮ್ಮ ಲೋಕಾಭಿಪ್ರಾಯ ಈ ಎರಡು ಮಾತುಗಳ ಮೇಲೆ ನಿಂತಿದೆ. ಮೊದಲನೆಯದನ್ನು ಅಂಗಡಿಯವರು ಹೇಳುತ್ತಾರೆ, ಎರಡನೆಯದನ್ನು ಅಪ್ಪ ಅಮ್ಮ ಹೇಳುತ್ತಾರೆ, ಪಿ.ಟಿ. ಮೇಷ್ಟ್ರು ಹೇಳುತ್ತಾರೆ. ಮಗುವಿನ ಮೇಲಿನ ಕಾಳಜಿಯಿಂದಲೇ ಹೇಳುತ್ತಾರೆ, ಅದರಲ್ಲಿ ಅನುಮಾನವಿಲ್ಲ. ಆದರೂ ಎರಡೂ ಮಾತು ತಪ್ಪು. ಮೊದಲನೆಯದು ದುಡ್ಡು ಕಳೆಯುತ್ತದೆ, ಎರಡನೆಯದು ಕಣ್ಣನ್ನೇ ಕಳೆಯಬಲ್ಲದು.

ನಾನು ನೇತ್ರತಜ್ಞನಲ್ಲ. ಮೂರನೇ ಕ್ಲಾಸಿನಲ್ಲಿ ಮೂಗಿನ ಮೇಲೆ ಏರಿದ ಕನ್ನಡಕ ನಲವತ್ತು ವರ್ಷವಾದರೂ ಇಳಿದಿಲ್ಲ, ಅಷ್ಟೇ ನನ್ನ ಅಧಿಕಾರ. ಎರಡೂ ಕಣ್ಣಿಗೆ ಮೈನಸ್ 8. ಮಗಳಿಗೆ ಹನ್ನೆರಡು ತುಂಬುವಷ್ಟರಲ್ಲಿ ಮೈನಸ್ 6 ಆಗಿದೆ. ಅವಳು ಷಟಲ್ ಆಡುತ್ತಾಳೆ. ನಾನು ಈ ವಿಷಯವನ್ನು ಹಟ ಹಿಡಿದು ಓದಿದ್ದು, ಬಲ್ಲವರನ್ನು ಕಾಡಿ ಕೇಳಿದ್ದು ಅವಳಿಗಾಗಿ.

ಮೊದಲು ತೆಳು ಗಾಜಿನ ಕಥೆ. ಕೆಲವು ವರ್ಷಗಳ ಕೆಳಗೆ ಅಂಗಡಿಯೊಂದರಲ್ಲಿ ನನ್ನ ಚೀಟಿ ನೋಡಿದ ಹುಡುಗ, ‘ಸರ್, ಈ ಪವರಿಗೆ 1.74 ಬಿಟ್ಟು ಬೇರೆ ಹಾಕಿಸಲೇಬೇಡಿ, ಸೋಡಾಬುಡ್ಡಿ ಆಗಿಬಿಡುತ್ತೆ’ ಅಂದ. ಅಗಲವಾದ ಕಪ್ಪು ಫ್ರೇಮನ್ನು ಅವನೇ ತೋರಿಸಿದ, ಮುಖಕ್ಕೆ ಒಪ್ಪುತ್ತದೆ ಅಂದ. ಹೇಳಿದಷ್ಟು ದುಡ್ಡು ಕೊಟ್ಟೆ. ವಾರ ಬಿಟ್ಟು ಕನ್ನಡಕ ಬಂತು. ಕಿವಿಯ ಕಡೆಯ ಅಂಚು ಫ್ರೇಮಿನಿಂದ ಹೊರಗೆ ಉಬ್ಬಿಕೊಂಡೇ ಇತ್ತು. ಪುಸ್ತಕ ಹಿಡಿದರೆ ಸಾಲಿನ ಕೊನೆಯ ಅಕ್ಷರಗಳಿಗೆ ಒಂದು ಮಗ್ಗುಲಲ್ಲಿ ನೀಲಿ, ಇನ್ನೊಂದು ಮಗ್ಗುಲಲ್ಲಿ ಕೇಸರಿ ಅಂಚು. ಸಂಜೆಯಾದರೆ ತಲೆನೋವು. ಹೋಗಿ ಕೇಳಿದ್ದಕ್ಕೆ ‘ಹದಿನೈದು ದಿನ ಹಾಕಿಕೊಳ್ಳಿ, ಅಡ್ಜಸ್ಟ್ ಆಗುತ್ತೆ’ ಎಂಬ ಉತ್ತರ ಸಿಕ್ಕಿತು. ಆಗಲಿಲ್ಲ.

1.74 ಅಂದರೆ ಗಾಜಿನ ವಕ್ರೀಭವನ ಸೂಚ್ಯಂಕ. ಅಂಗಡಿಯ ಭಾಷೆಯಲ್ಲಿ ಇಂಡೆಕ್ಸ್. ಅದು ಹೆಚ್ಚಿದ್ದಷ್ಟೂ ಗಾಜು ಬೆಳಕನ್ನು ಹೆಚ್ಚು ಬಗ್ಗಿಸುತ್ತದೆ, ಹಾಗಾಗಿ ಅದೇ ಪವರಿಗೆ ಕಡಿಮೆ ಉಬ್ಬುತಗ್ಗು ಸಾಕಾಗುತ್ತದೆ. ಮಾಮೂಲಿ ಪ್ಲಾಸ್ಟಿಕ್ ಗಾಜಿನ ಸೂಚ್ಯಂಕ 1.50. ಅದರ ಮೇಲೆ 1.60, 1.67, 1.74 ಎಂದು ಮೆಟ್ಟಿಲು. ಒಂದೊಂದು ಮೆಟ್ಟಿಲಿಗೂ ಬೆಲೆ ಹಾರುತ್ತದೆ. ಮೇಲಿನ ಮೆಟ್ಟಿಲಿನಲ್ಲಿ ಇರುವುದೇ ಒಳ್ಳೆಯದು ಎಂಬ ನಂಬಿಕೆ ಅಂಗಡಿಯಿಂದ ಮನೆಗೆ, ಮನೆಯಿಂದ ನೆಂಟರಿಗೆ ಹಬ್ಬಿದೆ.

ಇದನ್ನು ಅಳತೆಪಟ್ಟಿ ಹಿಡಿದು ಪರೀಕ್ಷಿಸೋಣ. ಯಾವುದೇ ಫ್ರೇಮಿನ ಕಡ್ಡಿಯ ಒಳಮೈಯಲ್ಲಿ 54, 18, 140 ಎಂಬಂಥ ಮೂರು ಅಂಕಿ ಅಚ್ಚಾಗಿರುತ್ತವೆ. ಮೊದಲನೆಯದು ಒಂದು ಗಾಜಿನ ಅಗಲ, ಎರಡನೆಯದು ಎರಡು ಗಾಜುಗಳ ನಡುವಿನ ಸೇತುವೆ, ಮೂರನೆಯದು ಕಡ್ಡಿಯ ಉದ್ದ, ಎಲ್ಲ ಮಿಲಿಮೀಟರಿನಲ್ಲಿ. 54ಕ್ಕೆ 18 ಕೂಡಿದರೆ 72. ಈ ಫ್ರೇಮಿನ ಎರಡು ಕಿಂಡಿಗಳ ನಡುಮಧ್ಯಕ್ಕೆ ಇರುವ ಅಂತರ ಅದು. ನನ್ನ ಎರಡು ಕಣ್ಣುಪಾಪೆಗಳ ಅಂತರ 62. ಗಾಜಿನ ದೃಷ್ಟಿಕೇಂದ್ರ ಪಾಪೆಯ ನೇರಕ್ಕೆ ಬರಬೇಕಾದರೆ ಒಂದೊಂದು ಗಾಜನ್ನೂ 5 ಮಿ.ಮೀ. ಮೂಗಿನ ಕಡೆಗೆ ಸರಿಸಿ ಕೂರಿಸಬೇಕು. ಆಗ ಕಿವಿಯ ಕಡೆಯ ಅಂಚು ಕೇಂದ್ರದಿಂದ 32 ಮಿ.ಮೀ. ದೂರ ಹೋಗುತ್ತದೆ. ಮೈನಸ್ ಗಾಜು ನಡುವೆ ತೆಳ್ಳಗೆ, ಅಂಚಿಗೆ ಹೋದಂತೆ ದಪ್ಪ. ಆ ದಪ್ಪ ದೂರದ ವರ್ಗಕ್ಕೆ ತಕ್ಕಂತೆ ಬೆಳೆಯುತ್ತದೆ: ದೂರ ಎರಡು ಪಟ್ಟಾದರೆ ದಪ್ಪ ನಾಲ್ಕು ಪಟ್ಟು. ಮೈನಸ್ 8ರ 1.74 ಗಾಜು ಈ 32 ಮಿ.ಮೀ. ಅಂಚಿನಲ್ಲಿ ನಡುವಿಗಿಂತ ಸುಮಾರು 5.5 ಮಿ.ಮೀ. ಹೆಚ್ಚು ದಪ್ಪ ಇರುತ್ತದೆ.

ಈಗ 46, 18ರ ಫ್ರೇಮು ತೆಗೆದುಕೊಳ್ಳಿ. ಕೂಡಿದರೆ 64. ನನ್ನ 62ಕ್ಕೆ ಹೆಚ್ಚುಕಡಿಮೆ ಸರಿಹೋಯಿತು; ಒಂದೊಂದು ಗಾಜು 1 ಮಿ.ಮೀ. ಸರಿದರೆ ಸಾಕು. ಅಂಚು ಕೇಂದ್ರದಿಂದ 24 ಮಿ.ಮೀ. ದೂರ. ಇಲ್ಲಿ 1.60ರ ಗಾಜು ನಡುವಿಗಿಂತ ಸುಮಾರು 3.8 ಮಿ.ಮೀ. ಮಾತ್ರ ಹೆಚ್ಚು. ಅಂಗಡಿಯವರು ಮುಟ್ಟಲೂ ಒಪ್ಪದ ಮಾಮೂಲಿ 1.50 ಕೂಡ 4.6 ಮಿ.ಮೀ. ಅಷ್ಟೇ. ಎಲ್ಲಕ್ಕಿಂತ ದುಬಾರಿಯ ಗಾಜು ದೊಡ್ಡ ಫ್ರೇಮಿನಲ್ಲಿ ಕೂತಾಗ ಏರಿಸಿಕೊಳ್ಳುವ ದಪ್ಪಕ್ಕಿಂತ ಎಲ್ಲಕ್ಕಿಂತ ಅಗ್ಗದ ಗಾಜು ಸಣ್ಣ ಫ್ರೇಮಿನಲ್ಲಿ ಏರಿಸಿಕೊಳ್ಳುವ ದಪ್ಪ ಕಡಿಮೆ. ಇದು ಹೈಸ್ಕೂಲಿನ ರೇಖಾಗಣಿತ. ಇದನ್ನು ಗಿರಾಕಿಗೆ ಹೇಳಲು ಅಂಗಡಿಗೆ ಒಂದು ನಿಮಿಷ ಸಾಕು. ನನಗೆ ನಲವತ್ತು ವರ್ಷ ಯಾರೂ ಹೇಳಲಿಲ್ಲ.

ತೆಳುವಿಗೆ ದುಡ್ಡಿನ ಹೊರತಾಗಿ ಇನ್ನೊಂದು ಬೆಲೆಯೂ ಇದೆ, ಅದನ್ನು ಕಣ್ಣು ಕೊಡುತ್ತದೆ. ಬೆಳಕನ್ನು ಹೆಚ್ಚು ಬಗ್ಗಿಸುವ ಗಾಜು ಸಾಮಾನ್ಯವಾಗಿ ಬಣ್ಣಗಳನ್ನು ಹೆಚ್ಚು ಬೇರ್ಪಡಿಸುತ್ತದೆ ಕೂಡ. ಈ ಗುಣವನ್ನು ಅಳೆಯುವ ಅಂಕಿಗೆ ಜರ್ಮನಿಯ ಯೇನಾ ಊರಿನ ವಿಜ್ಞಾನಿ ಅರ್ನ್ಸ್ಟ್ ಅಬ್ಬೆಯ ಹೆಸರಿದೆ. ಅಬ್ಬೆ ಸಂಖ್ಯೆ ಹೆಚ್ಚಿದ್ದಷ್ಟೂ ನೋಟ ಶುದ್ಧ. ಮಾಮೂಲಿ ಪ್ಲಾಸ್ಟಿಕ್ಕಿಗೆ ಅದು 58, 1.60ರ ಒಳ್ಳೆಯ ಗಾಜಿಗೆ ಸುಮಾರು 41, 1.67ಕ್ಕೆ 32ರ ಹತ್ತಿರ, 1.74ಕ್ಕೆ 33. ಮೈನಸ್ 1ರ ಕನ್ನಡಕದವನಿಗೆ ಈ ವ್ಯತ್ಯಾಸ ಗೊತ್ತೇ ಆಗುವುದಿಲ್ಲ, ಏಕೆಂದರೆ ಬಣ್ಣ ಒಡೆಯುವುದು ಪವರಿನ ಜೊತೆ ಹೆಚ್ಚುತ್ತದೆ. ದುಬಾರಿ ತೆಳು ಗಾಜನ್ನು ಮಾರುವುದು ಮಾತ್ರ ಮೈನಸ್ 8, ಮೈನಸ್ 10ರವರಿಗೆ. ಯಾರ ಕಣ್ಣಿಗೆ ಈ ದೋಷ ಹೆಚ್ಚು ಕಾಣುತ್ತದೋ ಅವರ ಮೂಗಿನ ಮೇಲೇ ಅದನ್ನು ಏರಿಸುತ್ತೇವೆ. ನನ್ನ ಪುಸ್ತಕದ ಅಕ್ಷರಗಳಿಗೆ ಕೇಸರಿ ಅಂಚು ಬಂದದ್ದು ಹೀಗೆ.

ಪ್ರತಿಫಲನವೂ ಅಷ್ಟೇ. ಲೇಪನವಿಲ್ಲದ ಮಾಮೂಲಿ ಗಾಜಿನ ಎರಡು ಮೈಗಳಿಂದ ಬೆಳಕಿನ ಸುಮಾರು ಶೇ 8 ಹಿಂದಿರುಗಿದರೆ 1.74ರಲ್ಲಿ ಶೇ 14ರ ಹತ್ತಿರ ಹಿಂದಿರುಗುತ್ತದೆ. ಹಾಗಾಗಿ ಅದಕ್ಕೆ ಪ್ರತಿಫಲನ ತಡೆಯುವ ಲೇಪನ ಬೇಕೇ ಬೇಕು, ಲೇಪನ ಗೀರುಬಿದ್ದ ದಿನ ಗಾಜೂ ಕೆಟ್ಟಂತೆ. ಇನ್ನು ಭಾರ: 1.74ರ ವಸ್ತು ಮಾಮೂಲಿ ಪ್ಲಾಸ್ಟಿಕ್ಕಿಗಿಂತ ಸಾಂದ್ರ, ತೆಳುವಾದಷ್ಟು ಹಗುರವಾಗುವುದಿಲ್ಲ. ‘ಕಣ್ಣು ಸಣ್ಣಗೆ ಕಾಣಿಸುವುದಾದರೂ ತಪ್ಪುತ್ತದಲ್ಲ’ ಎಂದು ಕೇಳುತ್ತಾರೆ. ತಪ್ಪುವುದಿಲ್ಲ. ಎದುರಿನವರಿಗೆ ನಮ್ಮ ಕಣ್ಣು ಎಷ್ಟು ಕುಗ್ಗಿ ಕಾಣುತ್ತದೆ ಎಂಬುದನ್ನು ಪವರು ಮತ್ತು ಗಾಜು ಕಣ್ಣಿನಿಂದ ಎಷ್ಟು ದೂರ ಕೂತಿದೆ ಎಂಬುದು ತೀರ್ಮಾನಿಸುತ್ತವೆ. ಸೂಚ್ಯಂಕಕ್ಕೆ ಅದರಲ್ಲಿ ಹೇಳಿಕೊಳ್ಳುವಂಥ ಪಾತ್ರವಿಲ್ಲ. ಗಾಜನ್ನು ಕಣ್ಣಿಗೆ ಎರಡು ಮೂರು ಮಿಲಿಮೀಟರು ಹತ್ತಿರ ತರುವ, ಮೂಗಿನ ಮೆತ್ತೆ ಸರಿಹೊಂದಿಸಬಲ್ಲ ಫ್ರೇಮು ಆ ಕೆಲಸ ಮಾಡುತ್ತದೆ.

1.74 ನನ್ನ ಶತ್ರುವಲ್ಲ. ಸಣ್ಣ ಫ್ರೇಮು ಆರಿಸಿ, ಅಳತೆ ಸರಿಯಾಗಿ ತೆಗೆದು, ಆಮೇಲೂ ಮೈನಸ್ 12ರವರಿಗೆ ಅಂಚು ಹೊರೆ ಅನ್ನಿಸಿದರೆ ಅವರು 1.67ನ್ನೋ 1.74ನ್ನೋ ಹಾಕಿಸಿಕೊಳ್ಳಲಿ. ಕೊನೆಯ ಮದ್ದನ್ನು ಮೊದಲ ಮದ್ದಾಗಿ ಮಾರುವುದಕ್ಕೆ ನನ್ನ ಆಕ್ಷೇಪ.

ಅಳತೆ ಎಂದೆ. ನಂಬರು ಹೆಚ್ಚಿದವರ ಪಾಲಿಗೆ ಅಳತೆಯೇ ಎಲ್ಲ. ಗಾಜಿನ ಕೇಂದ್ರದಿಂದ ಪಕ್ಕಕ್ಕೆ ನೋಡಿದಾಗ ಗಾಜು ಪಟ್ಟಕದ ಹಾಗೆ ವರ್ತಿಸಿ ನೋಟವನ್ನು ಬದಿಗೆ ತಳ್ಳುತ್ತದೆ. ಎಷ್ಟು ತಳ್ಳುತ್ತದೆ ಎಂಬ ಲೆಕ್ಕವನ್ನು 19ನೇ ಶತಮಾನದ ಕೊನೆಯಲ್ಲಿ ಅಮೆರಿಕದ ಚಾರ್ಲ್ಸ್ ಪ್ರೆಂಟಿಸ್ ಕೊಟ್ಟ: ಕೇಂದ್ರ ತಪ್ಪಿದ ದೂರವನ್ನು ಸೆಂಟಿಮೀಟರಿನಲ್ಲಿ ಹಿಡಿದು ಪವರಿನಿಂದ ಗುಣಿಸು. ಮೈನಸ್ 1ರ ಕನ್ನಡಕದಲ್ಲಿ ಕೇಂದ್ರ 2 ಮಿ.ಮೀ. ತಪ್ಪಿದರೆ 0.2 ಪ್ರಿಸಂ, ಕಣ್ಣಿಗೆ ಗೊತ್ತೂ ಆಗದು. ಮೈನಸ್ 8ರಲ್ಲಿ ಅದೇ ತಪ್ಪು ಒಂದು ಕಣ್ಣಿಗೆ 1.6, ಎರಡೂ ಕಣ್ಣಿಗೆ ಸೇರಿ 3.2. ಎರಡು ಕಣ್ಣುಗಳು ಇಡೀ ದಿನ ಪರಸ್ಪರ ಎಳೆದಾಡಿ ಒಂದೇ ಚಿತ್ರ ಮಾಡಿಕೊಳ್ಳಬೇಕು. ಸಂಜೆಯ ತಲೆನೋವಿಗೆ ಇದಕ್ಕಿಂತ ಬೇರೆ ಕಾರಣ ಹುಡುಕಬೇಕಿಲ್ಲ. ಆದರೂ ಎಷ್ಟೋ ಕಡೆ ಪಾಪೆಯ ಅಂತರವನ್ನು ಒಂದು ಪ್ಲಾಸ್ಟಿಕ್ ಸ್ಕೇಲು ಹಿಡಿದು ಅಂದಾಜಿನಲ್ಲಿ ಬರೆದುಕೊಳ್ಳುತ್ತಾರೆ, ಬಲಗಣ್ಣು ಎಡಗಣ್ಣು ಬೇರೆ ಬೇರೆಯಾಗಿ ಅಳೆಯುವುದಿಲ್ಲ, ಪಾಪೆ ಫ್ರೇಮಿನ ತಳದಿಂದ ಎಷ್ಟು ಎತ್ತರದಲ್ಲಿದೆ ಎಂದು ಗುರುತು ಹಾಕುವುದಿಲ್ಲ.

ಗಾಜು ಕಣ್ಣಿನಿಂದ ಎಷ್ಟು ದೂರದಲ್ಲಿದೆ ಎಂಬುದಂತೂ ಹೆಚ್ಚಿನ ಚೀಟಿಗಳಲ್ಲಿ ಇರುವುದೇ ಇಲ್ಲ. ಮೈನಸ್ 10ರ ಕನ್ನಡಕ ಮೂಗಿನ ಮೇಲೆ 3 ಮಿ.ಮೀ. ಕೆಳಗೆ ಜಾರಿ ಮುಂದೆ ಬಂದರೆ ಕಣ್ಣಿಗೆ ಸಿಗುವ ಪವರು ಸುಮಾರು 9.7ಕ್ಕೆ ಇಳಿಯುತ್ತದೆ. ಅಂಗಡಿಯಲ್ಲಿ ಸರಿಯಾಗಿದ್ದ ಕನ್ನಡಕ ಬಸ್‌ಸ್ಟ್ಯಾಂಡಿನಲ್ಲಿ ಬೋರ್ಡು ಓದಲು ಕೈಕೊಡುವುದು ಇದರಿಂದ. ಬೆವರಿ ಓಡಾಡುವ ಆಟಗಾರನ ಮೂಗಿನ ಮೇಲೆ ಅದು 3 ಮಿಲಿಮೀಟರಿಗೆ ನಿಲ್ಲುವುದೂ ಇಲ್ಲ. ಆದ್ದರಿಂದ ನಂಬರು ಹೆಚ್ಚಿದವರ ಫ್ರೇಮಿನಲ್ಲಿ ನೋಡಬೇಕಾದ ಮೊದಲ ಗುಣ ಅದು ಮೂಗಿನ ಮೇಲೆ ಕೂತಲ್ಲೇ ಕೂರುತ್ತದೆಯೇ ಎಂಬುದು. ಬಣ್ಣ, ಬ್ರಾಂಡು ಆಮೇಲೆ.

ಇಷ್ಟೆಲ್ಲ ಗೊತ್ತಿರುವ ವಿದ್ಯೆ ಇದ್ದೂ ನಾವು ತೆಳುವಿನ ಹಿಂದೆ ಏಕೆ ಬಿದ್ದೆವು? ದಪ್ಪ ಗಾಜಿನ ಬಗ್ಗೆ ನಮ್ಮಲ್ಲಿ ಇರುವ ಅಂಜಿಕೆಗೆ ಚರಿತ್ರೆ ಇದೆ. ದಾವಣಗೆರೆಯ ಡಾ. ಎಂ. ಸಿ. ಮೋದಿಯವರು ಊರೂರಿಗೆ ಹೋಗಿ ನೇತ್ರ ಶಿಬಿರ ನಡೆಸಿ ಪೊರೆ ತೆಗೆದ ಕಾಲದಲ್ಲಿ ಕಣ್ಣೊಳಗೆ ಕೃತಕ ಮಸೂರ ಕೂರಿಸುವ ಪದ್ಧತಿ ನಮ್ಮಲ್ಲಿ ಬಳಕೆಗೆ ಬಂದಿರಲಿಲ್ಲ. ಪೊರೆಗಟ್ಟಿದ ಮಸೂರ ತೆಗೆದ ಮೇಲೆ ಅಜ್ಜ ಅಜ್ಜಿಯರಿಗೆ ಪ್ಲಸ್ 10ರ ಆಸುಪಾಸಿನ ಗುಂಡನೆಯ ದಪ್ಪ ಗಾಜು. ಅದರ ಹಿಂದೆ ಕಣ್ಣು ಬೆಳ್ಳುಳ್ಳಿ ಗಡ್ಡೆಯಷ್ಟು ದೊಡ್ಡದಾಗಿ ಕಾಣುತ್ತಿತ್ತು. ನಮ್ಮ ತಲೆಮಾರಿನ ಮನಸ್ಸಿನಲ್ಲಿ ದಪ್ಪ ಗಾಜು ಎಂದರೆ ಮುಪ್ಪು, ಕುರುಡಿನ ಅಂಚು ಎಂದು ಅಚ್ಚಾದದ್ದು ಆಗ. ಆ ಗಾಜು ಸಾವಿರಾರು ಮನೆಗಳಲ್ಲಿ ಮತ್ತೆ ಬೆಳಕು ತಂದಿತು ಎಂಬುದನ್ನು ಮರೆತು ಅದರ ರೂಪವನ್ನು ಮಾತ್ರ ನೆನಪಿಟ್ಟುಕೊಂಡೆವು. ಆಮೇಲೆ ಹೆಣ್ಣು ನೋಡುವ ಶಾಸ್ತ್ರ. ಗಂಡಿನ ಕಡೆಯವರು ಬರುವ ಹೊತ್ತಿಗೆ ಕನ್ನಡಕ ಬಚ್ಚಲುಮನೆಯ ಗೂಡು ಸೇರುತ್ತಿತ್ತು. ಹುಡುಗಿ ಎದುರಿನವನ ಮುಖ ಕಾಣದೆ ಕಾಫಿ ಕೊಟ್ಟು ಬರುತ್ತಿದ್ದಳು. ನನ್ನ ಸ್ವಂತ ಅತ್ತೆಯೊಬ್ಬರು ಹಾಗೆಯೇ ಮದುವೆಯಾದವರು. ಕನ್ನಡಕ ಹಾಕಿಕೊಂಡವರು ಏನು ಕಾಣುತ್ತಾರೆ ಎಂದು ನಾವು ಕೇಳಲಿಲ್ಲ, ಅವರು ಹೇಗೆ ಕಾಣುತ್ತಾರೆ ಎಂದೇ ಕೇಳಿದೆವು. ತೆಳು ಗಾಜಿನ ಹುಚ್ಚೂ ಮೈದಾನದಲ್ಲಿ ಕನ್ನಡಕ ತೆಗೆಸುವ ಪದ್ಧತಿಯೂ ಈ ಒಂದೇ ಬೇರಿನಿಂದ ಹುಟ್ಟಿದವು: ಕನ್ನಡಕ ಒಂದು ಕುಂದು, ಆದಷ್ಟು ಅಡಗಿಸಬೇಕು, ಆದಾಗಲೆಲ್ಲ ಕಳಚಬೇಕು.

ಈಗ ಮೈದಾನಕ್ಕೆ ಬರುತ್ತೇನೆ.

ಮೈನಸ್ 8ರ ಕಣ್ಣು ಕನ್ನಡಕವಿಲ್ಲದೆ ಎಷ್ಟು ದೂರ ಸ್ಪಷ್ಟವಾಗಿ ಕಾಣುತ್ತದೆ? ಒಂದು ಮೀಟರನ್ನು ಎಂಟರಿಂದ ಭಾಗಿಸಿ: ಹನ್ನೆರಡೂವರೆ ಸೆಂಟಿಮೀಟರು. ಒಂದು ಗೇಣಿಗಿಂತ ಕಡಿಮೆ. ನನ್ನ ಮಗಳ ಮೈನಸ್ 6ಕ್ಕೆ ಸುಮಾರು 17 ಸೆಂಟಿಮೀಟರು. ಕ್ರಿಕೆಟ್ ಪಿಚ್ಚು 20.12 ಮೀಟರು ಉದ್ದ. ‘ಕನ್ನಡಕ ಒಡೆದು ಕಣ್ಣಿಗೆ ಚುಚ್ಚೀತು, ತೆಗೆದಿಟ್ಟು ಆಡು’ ಎಂದು ನಾವು ಮಗುವಿಗೆ ಹೇಳಿದಾಗ, ಎದುರಿನಿಂದ ಬರುವ ಚೆಂಡನ್ನು ಅದು ಮುಖದಿಂದ ಒಂದು ಗೇಣು ದೂರಕ್ಕೆ ಬರುವ ತನಕ ಸ್ಪಷ್ಟವಾಗಿ ನೋಡಬೇಡ ಎಂದು ಹೇಳಿದ ಹಾಗಾಯಿತು. ಕಣ್ಣಿಗೆ ಪೆಟ್ಟು ಬೀಳದಂತೆ ಕಾಯುವ ಮೊದಲ ರಕ್ಷಣೆ ಚೆಂಡನ್ನು ಕಂಡು ತಲೆ ತಪ್ಪಿಸಿಕೊಳ್ಳುವುದು. ಕನ್ನಡಕ ತೆಗೆದವರಿಗೆ ಅದು ಇಲ್ಲ.

ನಮ್ಮ ಶಾಲೆಯ ಮೈದಾನದಲ್ಲಿ ನಾನು ಹೀಗೆಯೇ ನಿಂತೆ. ಐದನೇ ಕ್ಲಾಸು, ಬೌಂಡರಿ ಗೆರೆಯ ಹತ್ತಿರ, ಕನ್ನಡಕ ಕೊಠಡಿಯ ಕಿಟಕಿಯಲ್ಲಿ. ‘ಚೆಂಡು! ಚೆಂಡು!’ ಎಂಬ ಕೂಗು ಕೇಳಿತು, ಚೆಂಡು ಕಾಣಲಿಲ್ಲ. ಹುಬ್ಬಿನ ಮೂಳೆಗೆ ಬಿತ್ತು. ಅರ್ಧ ಅಂಗುಲ ಕೆಳಗೆ ಬಿದ್ದಿದ್ದರೆ ನಾನು ಈ ಲೇಖನ ಬರೆಯುತ್ತಿದ್ದೆನೋ ಇಲ್ಲವೋ. ಮಾರನೆಯ ದಿನದಿಂದ ನನ್ನನ್ನು ಸ್ಕೋರು ಬರೆಯಲು ಕೂರಿಸಿದರು. ಕನ್ನಡಕದ ಮಕ್ಕಳು ಸ್ಕೋರು ಬರೆಯುವುದು, ಚಪ್ಪಲಿ ಕಾಯುವುದು, ನೀರು ತರುವುದು ನಮ್ಮ ಶಾಲೆಗಳ ಹಳೆಯ ವಾಡಿಕೆ. ಆ ಮಕ್ಕಳಿಗೆ ಆಟ ಬರುವುದಿಲ್ಲ ಎಂದು ಆಮೇಲೆ ನಾವೇ ಹೇಳುತ್ತೇವೆ.

ಆಟಕ್ಕೂ ಕನ್ನಡಕಕ್ಕೂ ಹಗೆಯಿದ್ದರೆ 1975ರ ಮೊದಲ ವಿಶ್ವಕಪ್ಪಿನ ಫೈನಲ್ಲಿನಲ್ಲಿ ಕ್ಲೈವ್ ಲಾಯ್ಡ್ ಲಾರ್ಡ್ಸ್ ಮೈದಾನದಲ್ಲಿ 102 ಹೊಡೆದದ್ದು ಹೇಗೆ? ಆ ಕಪ್ಪನ್ನು ಎರಡು ಬಾರಿ ಎತ್ತಿದ ನಾಯಕನ ಮೂಗಿನ ಮೇಲೆ ಇದ್ದದ್ದು ದಪ್ಪ ಕನ್ನಡಕವೇ. ಪಾಕಿಸ್ತಾನದ ಜಹೀರ್ ಅಬ್ಬಾಸ್ ಪ್ರಥಮ ದರ್ಜೆಯಲ್ಲಿ ನೂರಕ್ಕೂ ಹೆಚ್ಚು ಶತಕ ಬಾರಿಸಿದ್ದು ಕನ್ನಡಕ ಹಾಕಿಕೊಂಡು. 1988ರ ಜನವರಿಯಲ್ಲಿ ಮದ್ರಾಸಿನಲ್ಲಿ ನರೇಂದ್ರ ಹಿರ್ವಾನಿ ತನ್ನ ಮೊದಲ ಟೆಸ್ಟಿನಲ್ಲೇ ವೆಸ್ಟ್ ಇಂಡೀಸಿನ 16 ವಿಕೆಟ್ ಉರುಳಿಸಿದಾಗ ಕನ್ನಡಕ ಇತ್ತು. 1990ರಲ್ಲಿ ಮ್ಯಾಂಚೆಸ್ಟರಿನಲ್ಲಿ ಮೊದಲ ಟೆಸ್ಟ್ ಆಡಿದ ನಮ್ಮ ಬೆಂಗಳೂರಿನ ಅನಿಲ್ ಕುಂಬ್ಳೆ ಕನ್ನಡಕದ ಹುಡುಗ. ಗ್ಲಕೋಮಾ ಬಂದ ಮೇಲೂ ನೆದರ್ಲೆಂಡ್ಸಿನ ಎಡ್ಗರ್ ಡೇವಿಡ್ಸ್ ರಕ್ಷಣೆಯ ಗಾಗಲ್ ಕಟ್ಟಿಕೊಂಡು ಫುಟ್‌ಬಾಲ್ ಆಡಿದ. ಇವರಲ್ಲಿ ಯಾರಿಗಾದರೂ ಪಿ.ಟಿ. ಮೇಷ್ಟ್ರು ಸ್ಕೋರು ಪುಸ್ತಕ ಕೊಟ್ಟು ಕೂರಿಸಿಬಿಟ್ಟಿದ್ದರೆ?

ಇವರೆಲ್ಲರಿಗಿಂತ ನನಗೆ ಹೆಚ್ಚು ಪಾಠ ಹೇಳಿದವನು ಸ್ನೂಕರಿನ ಡೆನ್ನಿಸ್ ಟೇಲರ್. ಸ್ನೂಕರ್ ಆಟಗಾರ ಮೇಜಿನ ಮೇಲೆ ಬಾಗಿ, ಗಲ್ಲವನ್ನು ಕೋಲಿಗೆ ಹಚ್ಚಿ, ಹುಬ್ಬಿನ ಅಡಿಯಿಂದ ನೋಡುತ್ತಾನೆ. ಮಾಮೂಲಿ ಕನ್ನಡಕದಲ್ಲಿ ಆ ನೋಟ ಗಾಜಿನ ಮೇಲಂಚಿಗೆ ಅಥವಾ ಫ್ರೇಮಿನ ಆಚೆಗೆ ಬೀಳುತ್ತದೆ. ಟೇಲರ್‌ಗೆ ಜ್ಯಾಕ್ ಕಾರ್ನೆಮ್ ಒಂದು ವಿಚಿತ್ರ ಫ್ರೇಮು ಮಾಡಿಕೊಟ್ಟ: ದೊಡ್ಡ ಗಾಜು, ಹುಬ್ಬಿನ ಮೇಲಕ್ಕೆ ಏರಿ ಕೂರುವಂಥದ್ದು, ತಲೆಕೆಳಗಾಗಿ ಹಾಕಿಕೊಂಡಂತೆ ಕಾಣುತ್ತಿತ್ತು. ಜನ ನೋಡಿ ನಕ್ಕರು. 1985ರಲ್ಲಿ ಶೆಫೀಲ್ಡಿನಲ್ಲಿ ಅದೇ ಕನ್ನಡಕದಲ್ಲಿ ಅವನು ಸ್ಟೀವ್ ಡೇವಿಸ್‌ನನ್ನು ಕೊನೆಯ ಫ್ರೇಮಿನ ಕೊನೆಯ ಕಪ್ಪು ಚೆಂಡಿನಲ್ಲಿ 18–17ಕ್ಕೆ ಸೋಲಿಸಿ ವಿಶ್ವ ಚಾಂಪಿಯನ್ ಆದ. ಆಟದಲ್ಲಿ ಕಣ್ಣು ಎಲ್ಲಿಂದ ನೋಡುತ್ತದೋ ಗಾಜಿನ ಕೇಂದ್ರ ಅಲ್ಲಿಗೆ ಹೋಗಬೇಕು. ಷಟಲ್ ಆಡುವವರು ಮೇಲಕ್ಕೆ ನೋಡುತ್ತಾರೆ, ಕೇರಂ ಆಡುವವರು ಕೆಳಕ್ಕೆ ನೋಡುತ್ತಾರೆ. ನಿಮ್ಮ ಆಟ ಯಾವುದು ಎಂದು ನನ್ನನ್ನಾಗಲಿ ಮಗಳನ್ನಾಗಲಿ ಒಂದು ಅಂಗಡಿಯೂ ಇದುವರೆಗೆ ಕೇಳಿಲ್ಲ.

ಹಾಗಾದರೆ ಮನೆಯ ಕನ್ನಡಕವನ್ನೇ ಹಾಕಿಕೊಂಡು ಅಂಗಳಕ್ಕೆ ಇಳಿಯಬೇಕೇ? ಅಲ್ಲ. ಒಡೆದು ಚುಚ್ಚೀತು ಎಂಬ ತಾಯಂದಿರ ಭಯಕ್ಕೆ ಆಧಾರವಿದೆ. ಅವರು ಕಂಡುಕೊಂಡ ಪರಿಹಾರ ಮಾತ್ರ ತಪ್ಪು. ನಿಜವಾದ ಗಾಜಿನ ಕನ್ನಡಕ ಯಾವ ಮಗುವಿನ ಮೂಗಿನ ಮೇಲೂ ಇರಕೂಡದು, ಆಡಲಿ ಬಿಡಲಿ. ಮಾಮೂಲಿ ಪ್ಲಾಸ್ಟಿಕ್ಕೂ 1.74ರ ತೆಳು ಗಾಜೂ ಜೋರು ಪೆಟ್ಟಿಗೆ ಸೀಳಬಲ್ಲವು. ಆಟಕ್ಕೆ ಬೇಕಾದ ವಸ್ತುಗಳು ಎರಡು. ಒಂದು ಪಾಲಿಕಾರ್ಬೊನೇಟ್, ಅಪೋಲೊ ಗಗನಯಾತ್ರಿಗಳ ಹೆಲ್ಮೆಟ್ಟಿನ ಗುಮ್ಮಟ ಇದರದ್ದು. ಸೂಚ್ಯಂಕ 1.59, ಹಗುರ, ಸುತ್ತಿಗೆಯ ಪೆಟ್ಟಿಗೂ ಚೂರಾಗುವುದಿಲ್ಲ. ಇನ್ನೊಂದು 2001ರಲ್ಲಿ ಪಿಪಿಜಿ ಕಂಪನಿ ತಂದ ಟ್ರೈವೆಕ್ಸ್. ಸೂಚ್ಯಂಕ 1.53, ಪಾಲಿಕಾರ್ಬೊನೇಟಿಗಿಂತಲೂ ಹಗುರ, ಪೆಟ್ಟು ತಡೆಯುವುದರಲ್ಲಿ ಅದಕ್ಕೆ ಸಾಟಿ. ಪಾಲಿಕಾರ್ಬೊನೇಟಿಗೆ ಒಂದು ಕೊರತೆ ಇದೆ, ಮುಚ್ಚಿಡುವುದಿಲ್ಲ: ಅದರ ಅಬ್ಬೆ ಸಂಖ್ಯೆ 30, ಬಣ್ಣದ ಅಂಚು ನಾನು ದೂರಿದ 1.74ಕ್ಕಿಂತ ತುಸು ಹೆಚ್ಚೇ. ಟ್ರೈವೆಕ್ಸಿಗೆ 44ರ ಆಸುಪಾಸು. ಸಿಕ್ಕರೆ ಟ್ರೈವೆಕ್ಸ್ ಹಾಕಿಸಿ, ಸಿಗದಿದ್ದರೆ ಪಾಲಿಕಾರ್ಬೊನೇಟ್. ಆಡುವ ಒಂದು ಗಂಟೆ ಕಣ್ಣು ಉಳಿಯುವುದು ಬಣ್ಣದ ಅಂಚಿಗಿಂತ ದೊಡ್ಡದು. ಇಲ್ಲಿ ಅಂಚು ದಪ್ಪವಾದರೆ ಆಗಲಿ. ಆಟದ ಕನ್ನಡಕಕ್ಕೆ ತೆಳು ಎನ್ನುವುದು ಗುಣವೇ ಅಲ್ಲ.

ಫ್ರೇಮು ಇನ್ನೂ ಮುಖ್ಯ. ತಂತಿಯ ಫ್ರೇಮಿಗೆ ಪೆಟ್ಟು ಬಿದ್ದರೆ ಗಾಜು ಒಡೆಯದಿದ್ದರೂ ಹಿಂದಕ್ಕೆ ಕಳಚಿ ಕಣ್ಣಿಗೇ ಬಡಿಯುತ್ತದೆ. ಆಟದ ಫ್ರೇಮಿನಲ್ಲಿ ಗಾಜು ಹಿಂದಕ್ಕೆ ಜಾರದಂತೆ ಒಳಗಡೆ ತಡೆ ಇರುತ್ತದೆ, ಮೂಗು ಹುಬ್ಬುಗಳ ಮೇಲೆ ಮೆತ್ತೆ, ತಲೆಯ ಹಿಂದೆ ಪಟ್ಟಿ. ಅಮೆರಿಕದಲ್ಲಿ ಇಂಥ ಕನ್ನಡಕಗಳಿಗೆ ಎಎಸ್‌ಟಿಎಂ ಎಫ್803 ಎಂಬ ಮಾನದಂಡ ಇದೆ. ಕೊಳ್ಳುವಾಗ ಆ ಅಕ್ಷರ ಹುಡುಕಿ. ಸ್ಕ್ವಾಷಿನ ವಿಶ್ವ ಸಂಸ್ಥೆ ಕಿರಿಯರ ಪಂದ್ಯಗಳಲ್ಲಿ ರಕ್ಷಣೆಯ ಕನ್ನಡಕವನ್ನು ಕಡ್ಡಾಯ ಮಾಡಿದೆ, ನಂಬರು ಇರಲಿ ಇಲ್ಲದಿರಲಿ. ಬ್ಯಾಡ್ಮಿಂಟನ್ನಿನಲ್ಲಿ ಹಾಗಿಲ್ಲ. ಷಟಲಿನ ಬಿರಡೆಯ ಅಡ್ಡಳತೆ 25ರಿಂದ 28 ಮಿ.ಮೀ.; ಕಣ್ಣಿನ ಸುತ್ತಲಿನ ಮೂಳೆ ಅದನ್ನು ತಡೆಯುವುದಿಲ್ಲ, ನೇರ ಗುಡ್ಡೆಗೇ ಹೋಗುತ್ತದೆ. ಬೆಂಗಳೂರಿನ ಬಡಾವಣೆ ಬಡಾವಣೆಯಲ್ಲೂ ಕೋರ್ಟು ಎದ್ದಿವೆ, ಡಬಲ್ಸಿನಲ್ಲಿ ನೆಟ್ಟಿನ ಹತ್ತಿರ ನಿಂತ ಮಕ್ಕಳ ಮುಖಕ್ಕೆ ಸ್ಮ್ಯಾಷುಗಳು ಬರುತ್ತವೆ. ಹಳ್ಳಿಯಲ್ಲಿ ಚಿನ್ನಿದಾಂಡಿನ ಚಿನ್ನಿಯಿಂದ ಕಣ್ಣು ಕಳೆದುಕೊಂಡವರನ್ನು ನಮ್ಮ ನೇತ್ರವೈದ್ಯರು ಹಿಂದಿನಿಂದ ಕಂಡಿದ್ದಾರೆ.

ಮುಖಕ್ಕೆ ಸುತ್ತಿಕೊಳ್ಳುವ, ಕ್ರಿಕೆಟಿಗರು ಹಾಕುವ ಬಾಗಿದ ಕಪ್ಪು ಕನ್ನಡಕದಲ್ಲಿ ತಮ್ಮ ನಂಬರು ಹಾಕಿಸಲು ಹುಡುಗರು ಆಸೆಪಡುತ್ತಾರೆ. ದೊಡ್ಡ ಮೈನಸ್ಸಿಗೆ ಅದು ಒಗ್ಗುವುದಿಲ್ಲ. ಗಾಜು ಓರೆಯಾಗಿ ನಿಲ್ಲುವುದರಿಂದ ಇಲ್ಲದ ಸಿಲಿಂಡರ್ ಪವರು ಹುಟ್ಟುತ್ತದೆ, ದಪ್ಪ ಅಂಚು ಕೆನ್ನೆಗೆ ತಾಗುತ್ತದೆ. ಈಜುವವರಿಗೆ ಮಾತ್ರ ದಾರಿ ಸುಲಭ: ಮೈನಸ್ 1.5ರಿಂದ 8ರವರೆಗೆ ಅರ್ಧರ್ಧ ನಂಬರಿನ ಅಂತರದಲ್ಲಿ ಸಿದ್ಧ ಗಾಗಲುಗಳು ಸಿಗುತ್ತವೆ, ಬೆಲೆಯೂ ಹೆಚ್ಚಿಲ್ಲ. ನಲವತ್ತು ದಾಟುವ ತನಕ ನಾನು ಈಜುಕೊಳದ ಆಚೆ ದಂಡೆಯನ್ನು ನೋಡಿರಲೇ ಇಲ್ಲ.

ಕಾಂಟ್ಯಾಕ್ಟ್ ಲೆನ್ಸ್ ಹಾಕಿಕೊಂಡರಾಯಿತು ಎನ್ನುವವರು ಇದ್ದಾರೆ. ಕಬಡ್ಡಿ, ಕುಸ್ತಿಗೆ ಕನ್ನಡಕ ಸಲ್ಲದು, ಅಲ್ಲಿ ಲೆನ್ಸೇ ಸರಿ. ಕೈ ತೊಳೆದು ಹಾಕಿ ತೆಗೆಯುವ ಶಿಸ್ತು ಇರುವ ವಯಸ್ಸಾಗಿರಬೇಕು. ಆದರೆ ಲೆನ್ಸು ನೋಟ ಕೊಡುತ್ತದೆ, ಪೆಟ್ಟು ತಡೆಯುವುದಿಲ್ಲ. ಲೇಸರ್ ಮಾಡಿಸಿಕೊಂಡವರಿಗೂ ಇದೇ ಮಾತು. ಲೇಸರು ಕಣ್ಣಿನ ಮುಂದಿನ ಪೊರೆಯನ್ನು ತಿದ್ದುತ್ತದೆ. ಉದ್ದವಾಗಿ ಬೆಳೆದ ಕಣ್ಣುಗುಡ್ಡೆ ಹಾಗೆಯೇ ಇರುತ್ತದೆ, ಒಳಗೆ ಹಿಗ್ಗಿ ತೆಳುವಾದ ಅಕ್ಷಿಪಟಲವೂ ಹಾಗೆಯೇ. ಮೈನಸ್ 6 ದಾಟಿದವರಲ್ಲಿ ಅಕ್ಷಿಪಟಲ ಕಳಚುವ ಅಪಾಯ ಉಳಿದವರಿಗಿಂತ ಹೆಚ್ಚು. ಅವರು ವರ್ಷಕ್ಕೊಮ್ಮೆ ಪಾಪೆ ಹಿಗ್ಗಿಸಿ ಒಳಗಣ್ಣು ತೋರಿಸಿಕೊಳ್ಳಬೇಕು, ಬಾಕ್ಸಿಂಗಿನಂಥ ಆಟಕ್ಕೆ ಇಳಿಯುವ ಮುನ್ನ ವೈದ್ಯರನ್ನು ಕೇಳಲೇಬೇಕು. ಅದು ಆಟ ಬಿಡಿಸುವುದಕ್ಕೆ ಕಾರಣವಲ್ಲ, ಒಳ್ಳೆಯ ಆಟದ ಕನ್ನಡಕಕ್ಕೆ ಇನ್ನೊಂದು ಕಾರಣ.

‘ಕನ್ನಡಕ ಆಗಾಗ ತೆಗೆದಿಟ್ಟರೆ ನಂಬರು ಏರುವುದಿಲ್ಲ’ ಎಂಬ ಮನೆಮಾತೂ ಇದೆ. ಮಲೇಷ್ಯಾದಲ್ಲಿ ಮಕ್ಕಳಿಗೆ ಬೇಕೆಂದೇ ಕಡಿಮೆ ಪವರು ಕೊಟ್ಟು ಎರಡು ವರ್ಷ ನೋಡಿದರು; 2002ರಲ್ಲಿ ಬಂದ ಫಲಿತಾಂಶದಲ್ಲಿ ಅವರ ನಂಬರು ಪೂರ್ತಿ ಪವರು ಹಾಕಿದವರಿಗಿಂತ ವೇಗವಾಗಿ ಏರಿತ್ತು. ಇನ್ನು ಬಯಲಿನ ವಿಚಾರ. ಚೀನಾದ ಗ್ವಾಂಗ್‌ಝೌನಲ್ಲಿ ಒಂದನೇ ತರಗತಿಯ ಮಕ್ಕಳನ್ನು ದಿನಕ್ಕೆ 40 ನಿಮಿಷ ಹೆಚ್ಚುವರಿಯಾಗಿ ಹೊರಗೆ ಬಿಟ್ಟರು. ಮೂರು ವರ್ಷದಲ್ಲಿ ಅವರಲ್ಲಿ ಶೇ 30.4 ಮಂದಿಗೆ ಸಮೀಪದೃಷ್ಟಿ ಬಂತು, ಎಂದಿನ ದಿನಚರಿಯಲ್ಲೇ ಉಳಿದವರಲ್ಲಿ ಶೇ 39.5 ಮಂದಿಗೆ. ಈಗಾಗಲೇ ನಂಬರು ಬಂದವರಲ್ಲಿ ಬಯಲು ಅಷ್ಟೇ ಕೆಲಸ ಮಾಡುತ್ತದೆ ಎಂದು ಈ ಲೆಕ್ಕ ಹೇಳುವುದಿಲ್ಲ. ಮನೆಯೊಳಗೆ ಕೂರಿಸುವುದರಿಂದ ಕಣ್ಣಿಗೆ ಒಳಿತಾಗುತ್ತದೆ ಎಂದಂತೂ ಯಾವ ಲೆಕ್ಕವೂ ಹೇಳುವುದಿಲ್ಲ.

ಎರಡು ಜೊತೆ ಕನ್ನಡಕಕ್ಕೆ ದುಡ್ಡೆಲ್ಲಿ ಎಂಬ ಪ್ರಶ್ನೆ ನ್ಯಾಯವಾದದ್ದು. ಉತ್ತರ ನನ್ನ ಮನೆಯಲ್ಲೇ ಇದೆ. ಮಗಳಿಗೆ ಈ ಸಲ 1.74 ಹಾಕಿಸಲಿಲ್ಲ. ದಿನದ ಬಳಕೆಗೆ 44ರ ಅಗಲದ ಗುಂಡನೆಯ ಫ್ರೇಮಿನಲ್ಲಿ 1.60, ಆಟಕ್ಕೆ ಪಟ್ಟಿಯ ಫ್ರೇಮಿನಲ್ಲಿ ಪಾಲಿಕಾರ್ಬೊನೇಟ್. ಎರಡೂ ಸೇರಿ ಆದ ಖರ್ಚು ನನ್ನ ಆ ಒಂದು ಕನ್ನಡಕಕ್ಕಿಂತ ಕಡಿಮೆ. ಸಣ್ಣ ಫ್ರೇಮು ಹುಡುಕಲು ಮೂರು ಅಂಗಡಿ ತಿರುಗಬೇಕಾಯಿತು, ಏಕೆಂದರೆ ಈಗಿನ ಗೂಡುಗಳಲ್ಲಿ 52, 54, 56ರ ಅಗಲದವೇ ತುಂಬಿವೆ. ಕೇಳುವವರು ಹೆಚ್ಚಿದರೆ ಸಣ್ಣವೂ ಬರುತ್ತವೆ. ಅಂಗಡಿಗೆ ಹೋದಾಗ ಇಂಡೆಕ್ಸು ಕೇಳುವ ಮೊದಲು ಕಡ್ಡಿಯ ಒಳಗಿನ ಅಂಕಿ ಓದಿ, ಮೊದಲ ಎರಡನ್ನು ಕೂಡಿ, ನಿಮ್ಮ ಪಾಪೆಯ ಅಂತರದ ಜೊತೆ ಹೋಲಿಸಿ. ಅಂತರ ಅಳೆಯಲು ಒಪ್ಪದ ಅಂಗಡಿಯಿಂದ ಎದ್ದು ಬನ್ನಿ.

ಪಿ.ಟಿ. ಮೇಷ್ಟ್ರುಗಳಲ್ಲಿ ನನ್ನದೊಂದು ಬೇಡಿಕೆ. ನಾಳೆ ನಿಮ್ಮ ಮೈದಾನಕ್ಕೆ ಬರುವ ಸಾಲಿನಲ್ಲಿ ದಪ್ಪ ಕನ್ನಡಕದ ಮಗು ಇದ್ದೇ ಇರುತ್ತದೆ. ಅದರ ಕೈಗೆ ಸ್ಕೋರು ಪುಸ್ತಕ ಕೊಡಬೇಡಿ, ಕನ್ನಡಕ ಕಿಟಕಿಯಲ್ಲಿಟ್ಟು ಬಾ ಎನ್ನಬೇಡಿ. ಪಾಲಿಕಾರ್ಬೊನೇಟ್ ಗಾಜು, ಪಟ್ಟಿಯ ಫ್ರೇಮು ಎಂದು ಡೈರಿಯಲ್ಲಿ ಒಂದು ಸಾಲು ಬರೆದು ಮನೆಗೆ ಕಳಿಸಿ. ಅದು ಬಂದ ದಿನ ಆ ಮಗುವನ್ನು ಬೌಂಡರಿ ಗೆರೆಯಿಂದ ಕರೆದು ಸ್ಲಿಪ್ಪಿನಲ್ಲಿ ನಿಲ್ಲಿಸಿ.